ಹಲ್ಲರ್ ಮನೆಯ ನೆಲ ನಡುಗಿದ ಬೆಳಗು

ಮೂಡಿಗೆರೆಯಲ್ಲಿ ಯಾರ ಮನೆಯ ಬಂಗಾರ ಕಾಣೆಯಾದರೂ, ಯಾರ ತೋಟದ ಮೆಣಸು ಬಳ್ಳಿಯಿಂದಲೇ ಮಾಯವಾದರೂ, ಜನ ಪೊಲೀಸ್ ಠಾಣೆಗೆ ಹೋಗುವ ಮೊದಲು ನಿವೃತ್ತ ವಿಜ್ಞಾನದ ಟೀಚರ್ ಸಾವಿತ್ರಮ್ಮನ ಜಗಲಿಗೆ ಬರುತ್ತಿದ್ದರು. ಬಂದವರನ್ನು ಮೊದಲು ಎದುರುಗೊಳ್ಳುತ್ತಿದ್ದವಳು ಪಕ್ಕದ ಮನೆಯ ಸುಗ್ರಾ ಬೀ. ಹೊಲಿಗೆ ಅವಳ ಕಸುಬು, ಸಾವಿತ್ರಮ್ಮನ ಪತ್ತೇದಾರಿಕೆ ಅವಳ ಚಟ. ಅಳುವವರಿಗೆ ನೀರು ಕೊಡುವುದು ಅವಳೇ. ಕಳ್ಳ ಯಾರೆಂದು ಮುಖ ನೋಡಿಯೇ ಹೇಳಿಬಿಡುವುದೂ ಅವಳೇ. ಆ ಊಹೆ ತಲೆಕೆಳಗಾದ ಮೇಲೆ ಒಂದೆರಡು ದಿನ ಟೀಚರ್ ಮುಖ ನೋಡದೆ ತಪ್ಪಿಸಿಕೊಂಡು ಓಡಾಡುತ್ತಿದ್ದಳು.

ಎಂಬತ್ತನಾಲ್ಕರ ಬೇಸಿಗೆಯ ಆ ಬೆಳಿಗ್ಗೆ ಮಾತ್ರ ಸುಗ್ರಾ ಬೀ ಜಗಲಿ ಹತ್ತಲಿಲ್ಲ. ಉಳಿದವರೆಲ್ಲ ಬಂದು ನಿಲ್ಲುತ್ತಿದ್ದ ಜಾಗದಲ್ಲಿ, ಮೆಟ್ಟಿಲ ಕೆಳಗೆ ನಿಂತಳು.

"ಟೀಚರ್, ಈ ಸಲ ನಾನೇ ಬಂದಿದ್ದೀನಿ," ಅಂದಳು. "ನನ್ನ ತಮ್ಮನ ಕೈ ತಪ್ಪಿದ್ದು ಹೌದೋ ಅಲ್ವೋ ನೀವು ಹೇಳ್ಬೇಕು. ಅವನೇ ಹೌದು ಅಂತಾನೆ. ನನಗೆ ನಂಬೋಕಾಗ್ತಿಲ್ಲ."

ನಡೆದದ್ದು ತಾಲ್ಲೂಕಿಗೆಲ್ಲ ಆಗಲೇ ಹಬ್ಬಿತ್ತು. ಬಾಳೂರಿನ ಪ್ಲಾಂಟರ್ ಸಿದ್ದಬಸಪ್ಪನವರಿಗೆ ಒಂದು ಹಲ್ಲರ್ ಮನೆಯಿದೆ. ಕೆಳಗೆ ಒಣಗಿದ ಕಾಫಿಕಾಯಿಯ ಸಿಪ್ಪೆ ಬಿಡಿಸುವ ಹಲ್ಲರ್ ಯಂತ್ರ, ಮೇಲೆ ಮರದ ಅಟ್ಟ. ಅಟ್ಟದಲ್ಲಿ ಹೆಂಗಸರು ಉದ್ದನೆಯ ಮೇಜುಗಳ ಮುಂದೆ ಕೂತು ಬೀಜ ಆರಿಸುತ್ತಾರೆ. ಯಂತ್ರ ಶುರುವಾಯಿತೆಂದರೆ ಅಟ್ಟ ಗಡಗಡ ನಡುಗುತ್ತಿತ್ತು. ಆರಿಸಿಟ್ಟ ಒಳ್ಳೆ ಬೀಜ ತಾನಾಗಿಯೇ ಜರುಗಿ ಕಪ್ಪು ಬೀಜದ ಗುಡ್ಡೆಗೆ ಸೇರುತ್ತಿತ್ತು. ಸಂಜೆಯ ಹೊತ್ತಿಗೆ ಹೆಂಗಸರಿಗೆ ತಲೆಸುತ್ತು ಬರುತ್ತಿತ್ತು. ಈ ನಡುಕ ನಿಲ್ಲಿಸಿದವರು ಇಬ್ಬರು. ಒಬ್ಬ ಇಂಜಿನಿಯರ್ ರಂಗನಾಥ, ದಾವಣಗೆರೆ ಕಡೆಯವನು, ಎರಡು ವರ್ಷದಿಂದ ಸುಗ್ರಾ ಬೀಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದವನು. ಇನ್ನೊಬ್ಬ ಸುಗ್ರಾ ಬೀಯ ತಮ್ಮ ತಯ್ಯಬ್, ಜೀಪ್ ಮೆಕ್ಯಾನಿಕ್. ಲೆಕ್ಕಾಚಾರವೆಲ್ಲ ರಂಗನಾಥನದು, ಕಬ್ಬಿಣದ ಕೆಲಸವೆಲ್ಲ ತಯ್ಯಬನದು.

ಅವರು ಅಟ್ಟದ ಹಲಗೆಗೆ ಒಂದು ಪುಟ್ಟ ಡಬ್ಬಿ ಬಿಗಿದಿದ್ದರು. ನೆಲ ಯಾವ ಕಡೆ ಅಲುಗಿತು ಎಂಬುದು ಅದಕ್ಕೆ ತಿಳಿಯುತ್ತಿತ್ತು. ಹೆಂಗಸರು ಅದನ್ನು 'ಕಿವಿ' ಎಂದು ಕರೆದರು. ಕಿವಿಯಿಂದ ಎರಡು ವೈರು ಆಂಪ್ಲಿಫೈಯರಿಗೆ ಹೋಗಿ, ಅಲ್ಲಿಂದ ತೊಲೆಯ ಅಡಿಗಿದ್ದ ದೊಡ್ಡ ವಿದ್ಯುತ್ ಅಯಸ್ಕಾಂತಕ್ಕೆ ಸೇರುತ್ತಿದ್ದವು. ಅಯಸ್ಕಾಂತದ ಪಕ್ಕದಲ್ಲೇ ಸ್ಪ್ರಿಂಗಿನಿಂದ ಇಳಿಬಿಟ್ಟ ಭಾರದ ಕಬ್ಬಿಣ. ನೆಲ ಮೇಲಕ್ಕೆ ಹೊರಟರೆ ಅದು ಕೆಳಕ್ಕೆ ಜಗ್ಗುವುದು, ಕೆಳಕ್ಕೆ ಹೊರಟರೆ ಮೇಲಕ್ಕೆ ನೂಕುವುದು. ತೂಗುವ ತೊಟ್ಟಿಲಿಗೆ ಎದುರಿನಿಂದ ಕೈಕೊಟ್ಟು ನಿಲ್ಲಿಸಿದ ಹಾಗೆ. ಅದು ಶುರುವಾದ ಮೇಲೆ ಹಲ್ಲರ್ ಎಷ್ಟು ಅಬ್ಬರಿಸಿದರೂ ಅಟ್ಟದ ಮೇಲಿಟ್ಟ ಲೋಟದ ನೀರು ತುಳುಕುತ್ತಿರಲಿಲ್ಲ. ಸುತ್ತಲಿನ ಊರಿನವರು ಜೀಪು ಮಾಡಿಕೊಂಡು ಬಂದು ಆ ಲೋಟ ನೋಡಿಹೋದರು.

ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆಯ ಗಾಳಿಗೆ ಮರ ಬಿದ್ದು ಕರೆಂಟ್ ಲೈನ್ ಹರಿಯಿತು. ಲೈನ್‌ಮನ್‌ಗಳು ಮಾರನೆ ಮಧ್ಯಾಹ್ನ ಕಟ್ಟಿಕೊಟ್ಟು ಹೋದರು. ಹರಿದ ಲೈನ್ ಮತ್ತೆ ಕಟ್ಟುವಾಗ ಮೂರು ತಂತಿಗಳಲ್ಲಿ ಎರಡು ಅದಲುಬದಲಾಗುವುದು, ಊರಿನ ಮೋಟಾರ್‌ಗಳೆಲ್ಲ ಉಲ್ಟಾ ತಿರುಗುವುದು ಈ ಗುಡ್ಡಗಳಲ್ಲಿ ಮಾಮೂಲು. ಆಗ ಮೇನ್ ಸ್ವಿಚ್ಚಿನಲ್ಲಿ ಯಾವುದಾದರೂ ಎರಡು ವೈರು ಹಿಂದುಮುಂದು ಮಾಡಿದರೆ ಮೋಟಾರ್ ಸರಿದಾರಿಗೆ ಬರುತ್ತದೆ. ಅಷ್ಟು ಮಾಡಿಕೊಳ್ಳಲು ಬಾರದ ಎಸ್ಟೇಟ್ ಇಲ್ಲ. ತಯ್ಯಬ್ ಬಾಳೂರಿಗೆ ಹೋಗಿ ಅದನ್ನೇ ಮಾಡಿ, ಹಲ್ಲರ್ ಒಂದು ಸುತ್ತು ಸರಿ ತಿರುಗಿದ್ದನ್ನು ನೋಡಿ, ಇನ್ನೊಂದು ಕೆಲಸವಿದೆಯೆಂದು ಹೊರಟುಬಿಟ್ಟ. ರಂಗನಾಥ ಅಂದು ಚಿಕ್ಕಮಗಳೂರಿಗೆ ಹೋಗಿದ್ದವನು ಕೊನೆಯ ಬಸ್ಸಿಗೆ ಬಾಳೂರಿಗೆ ಬಂದು ಎಸ್ಟೇಟಿನಲ್ಲೇ ಉಳಿದುಕೊಂಡ.

ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದಾಗ ಅಟ್ಟ ಹಿಂದೆಂದೂ ನಡುಗದ ಹಾಗೆ ನಡುಗಿತು. ಮೇಜುಗಳು ಉರುಳಿದವು, ಕಟಕಟೆ ಕಿತ್ತುಬಂತು. ಕಟಕಟೆಗೆ ಒರಗಿ ನಿಂತಿದ್ದ ತಿಮ್ಮಮ್ಮ ಎಂಬಾಕೆ ಕೆಳಗೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ರಂಗನಾಥ ಓಡಿಬಂದು ಎಲ್ಲ ಆರಿಸಿದ. ಆಮೇಲೆ ಒಳಗೆಲ್ಲ ಪರೀಕ್ಷೆ ಮಾಡಿ, ತಯ್ಯಬ್ ಮೇನ್‌ನಲ್ಲಿ ವೈರು ತಿರುಗಿಸಿದ್ದರಿಂದ ಅಯಸ್ಕಾಂತಕ್ಕೆ ಹೋಗುವ ಕರೆಂಟೂ ತಿರುಗಿದೆ, ನಡುಕ ಹಿಡಿಯಬೇಕಾದದ್ದು ನಡುಕವನ್ನೇ ನೂಕಿದೆ ಎಂದ. ಆ ಎರಡು ವೈರುಗಳನ್ನು ತಾನು ಮೊದಲಿದ್ದ ಹಾಗೆ ಹಾಕಿದ್ದೇನೆ, ಇನ್ನು ಹೆದರಬೇಕಿಲ್ಲ ಎಂದೂ ಹೇಳಿದ. ಎರಡು ವೈರು ಬದಲಾದರೆ ಎಲ್ಲವೂ ಉಲ್ಟಾ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಸಬ್ ಇನ್ಸ್‌ಪೆಕ್ಟರ್ ತಯ್ಯಬನನ್ನು ಠಾಣೆಗೆ ಕರೆಸಿ ಒಂದು ದಿನ ಕೂರಿಸಿ ಕಳಿಸಿದ್ದರು. ತಿಮ್ಮಮ್ಮ ಎದ್ದು ನಡೆಯದಿದ್ದರೆ ಕೇಸು ಖಂಡಿತ ಎಂದಿದ್ದರು. ಅವನ ಗ್ಯಾರೇಜಿನ ಮುಂದೆ ಒಂದು ಜೀಪೂ ನಿಲ್ಲುತ್ತಿರಲಿಲ್ಲ.

ಸಾವಿತ್ರಮ್ಮ ಎಲ್ಲ ಕೇಳಿಸಿಕೊಂಡು, ಸುಗ್ರಾ ಬೀಯನ್ನೂ ಕರೆದುಕೊಂಡು ತಯ್ಯಬನ ಹತ್ತಿರ ಹೋದರು. ಅವನು ಗ್ಯಾರೇಜಿನ ಬಾಗಿಲು ಅರ್ಧ ಮುಚ್ಚಿಕೊಂಡು ಕೂತಿದ್ದ. ಅವನಿಗೆ ಬೇಕಾದದ್ದು ಬಿಡುಗಡೆಯಲ್ಲ, ಬೈಗುಳ. ಅದನ್ನೂ ಯಾರೂ ಕೊಡುತ್ತಿರಲಿಲ್ಲ.

"ರಂಗಣ್ಣ ಸುಳ್ಳು ಹೇಳ್ತಾನಾ ಟೀಚರ್? ಅವನಿಗಿಂತ ನನಗೆ ಜಾಸ್ತಿ ಗೊತ್ತಾ?" ಅಂದ. "ಆ ಹೆಂಗಸನ್ನ ಬೀಳ್ಸಿದ್ದು ನಾನೇ."

ರಂಗನಾಥ ತನ್ನ ಮೇಲೆ ಸಿಟ್ಟಾಗಲಿಲ್ಲ, ಅದೇ ತನಗೆ ಹೆಚ್ಚು ಸಂಕಟ ಎಂದೂ ಹೇಳಿದ. ನಿನ್ನೆ ಕೂಡ ಊಟಕ್ಕೆ ಬಂದು ಬೆನ್ನು ತಟ್ಟಿ ಸಮಾಧಾನ ಹೇಳಿದ್ದನಂತೆ. ಇಬ್ಬರೂ ಸೇರಿ ಮೂಡಿಗೆರೆಯಲ್ಲಿ ಇಂಥ ಯಂತ್ರಗಳ ಕಾರ್ಖಾನೆ ಹಾಕುವ ಮಾತಿತ್ತಲ್ಲ, ಅದು ಇನ್ನು ಕಷ್ಟ, ಜನ ನಂಬುವುದಿಲ್ಲ ಮಾರಾಯ ಎಂದು ಅವನೇ ಬೇಸರದಿಂದ ಹೇಳಿ ಹೋಗಿದ್ದ. ಸುಗ್ರಾ ಬೀಗೆ ರಂಗನಾಥನ ನೆನಪಾಗಿ ಕಣ್ಣು ತುಂಬಿತು. ಊರು ಬಿಟ್ಟು ಬಂದ ಹುಡುಗ, ಎರಡು ವರ್ಷ ತನ್ನ ಕೈಯ ಅಕ್ಕಿರೊಟ್ಟಿ ತಿಂದು 'ಸುಗ್ರಾಕ್ಕ' ಎಂದು ಬಾಯ್ತುಂಬ ಕರೆದವನು. ತಮ್ಮನ ತಪ್ಪಿಗೆ ಅವನ ಕನಸೂ ಹಾಳಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಇಬ್ಬರೂ ಬಾಡಿಗೆ ಜೀಪಿನಲ್ಲಿ ಬಾಳೂರಿಗೆ ಹೊರಟ ದಾರಿಯಲ್ಲೇ ಅವಳು ತನ್ನ ತೀರ್ಪು ಕೊಟ್ಟಾಗಿತ್ತು. ಇದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಲಿಂಗಪ್ಪನ ಕೆಲಸ. ತಯ್ಯಬನಿಗೂ ಅವನಿಗೂ ಒಂದು ಹಳೆಯ ಸ್ಕೂಟರಿನ ವಿಷಯದಲ್ಲಿ ಮಾತು ಬಿಟ್ಟಿತ್ತು. ಹಲ್ಲರ್ ಮನೆಯ ಬೀಗದ ಕೈ ಅವನ ಹತ್ತಿರವಿತ್ತು. ಸಾವಿತ್ರಮ್ಮ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬಾಳೂರಿನ ಹಿಟ್ಟಿನ ಗಿರಣಿಯ ಮುಂದೆ ಜೀಪು ನಿಲ್ಲಿಸಿ, ಲೈನ್ ಕಟ್ಟಿದ ಮೇಲೆ ಗಿರಣಿ ಉಲ್ಟಾ ತಿರುಗಿತೇ ಎಂದು ಗಿರಣಿಯವನನ್ನು ಕೇಳಿದರು. ಅಂದು ಉಲ್ಟಾ ತಿರುಗಿತ್ತು, ವೈರು ಬದಲಿಸಿಕೊಂಡೆ, ಆಮೇಲೆ ಇವತ್ತಿನವರೆಗೂ ಮುಟ್ಟಿಲ್ಲ ಎಂದ ಅವನು. ಟೀಚರ್‌ಗೆ ಹಿಟ್ಟು ಬೇಕಿತ್ತೇನೋ ಎಂದುಕೊಂಡು ಸುಗ್ರಾ ಬೀ ಚೀಲ ಹುಡುಕಿದಳು.

ಹಲ್ಲರ್ ಮನೆಯಲ್ಲಿ ಯಂತ್ರ ಓಡುತ್ತಿತ್ತು. ಹೊರಗಿನ ಕೊಳವೆಯಿಂದ ಸಿಪ್ಪೆ ಭರ್ರೆಂದು ಹಾರಿಬಂದು ಸುಗ್ರಾ ಬೀಯ ಸೆರಗಿಗೆಲ್ಲ ಮೆತ್ತಿತು. ಅವಳು ಬೈದುಕೊಳ್ಳುತ್ತ ಕೊಡವಿಕೊಂಡಳು. ಸಾವಿತ್ರಮ್ಮ ಮಾತ್ರ ಆ ಸಿಪ್ಪೆಯ ರಾಶಿಯನ್ನು ನೋಡುತ್ತ ನಿಂತುಬಿಟ್ಟರು. ಸಿದ್ದಬಸಪ್ಪನವರು ಒಳಗೆ ಕರೆದು, ರಂಗನಾಥ ಹೇಳಿದ್ದನ್ನೇ ಮತ್ತೆ ಹೇಳಿದರು. ಕಿವಿಯ ವೈರುಗಳನ್ನು ಬಿಗಿದಿದ್ದ ಡಬ್ಬಿಗೆ ಒಂದು ಪುಟ್ಟ ಬೀಗವಿತ್ತು. ಕುತೂಹಲಕ್ಕೆ ಯಾರಾದರೂ ಕೈಹಾಕಿಯಾರೆಂದು ರಂಗನಾಥನೇ ಹಾಕಿಸಿದ್ದು, ಅದರ ಕೈ ಅವನೊಬ್ಬನ ಹತ್ತಿರವೇ ಇರುವುದು ಎಂದರು. ಹಲ್ಲರ್ ಮನೆಯ ದೊಡ್ಡ ಬಾಗಿಲಿನ ಕೈ ಲಿಂಗಪ್ಪನಿಗೂ ರಂಗನಾಥನಿಗೂ ಕೊಟ್ಟಿದ್ದರು.

ಲಿಂಗಪ್ಪ ಸುಮ್ಮನೆ ಬೆವರುತ್ತಿದ್ದ. ಲೈನ್ ಬಂದ ದಿನ ಸಂಜೆ ಎಲ್ಲಿದ್ದಿರಿ ಎಂದು ಕೇಳಿದರೆ ಮನೆಯಲ್ಲಿ ಎಂದ. ಆದರೆ ಮುಸ್ಸಂಜೆಯಲ್ಲಿ ಅವನು ಹಲ್ಲರ್ ಮನೆಯಿಂದ ಹೊರಗೆ ಬಂದದ್ದನ್ನು ಮೇಸ್ತ್ರಿ ನೋಡಿದ್ದ. ಸುಗ್ರಾ ಬೀ ಗೆದ್ದವಳ ಹಾಗೆ ಟೀಚರ್ ಕಡೆ ನೋಡಿದಳು.

ವಾಪಸು ಬರುವಾಗ ಮೂಡಿಗೆರೆ ಆಸ್ಪತ್ರೆಯಲ್ಲಿ ತಿಮ್ಮಮ್ಮನನ್ನು ನೋಡಿದರು. ಸಾವಿತ್ರಮ್ಮ ಕೇಳಿದ್ದು ಬಿದ್ದ ಬೆಳಗಿನ ವಿಷಯವಲ್ಲ, ಅದರ ಹಿಂದಿನ ಸಂಜೆಯ ವಿಷಯ. ತಿಮ್ಮಮ್ಮ ಇದನ್ನು ರೈಟರ್‌ಗೂ ಸಾಹುಕಾರ ಸಿದ್ದಬಸಪ್ಪನವರಿಗೂ ಹೇಳಬೇಡಿ ಎಂದು ಮಾತು ತೆಗೆದುಕೊಂಡು ಹೇಳಿದಳು. ತಯ್ಯಬ್ ಹೋದ ಮೇಲೆ ಲಿಂಗಪ್ಪ ತನ್ನ ಅತ್ತೆಯ ಒಂದು ಮೂಟೆ ಕಾಫಿಕಾಯಿಯನ್ನು ಸಾಹುಕಾರರಿಗೆ ಗೊತ್ತಾಗದ ಹಾಗೆ ಹಲ್ಲರಿಗೆ ಹಾಕಿಸಿದ್ದ. ಬೀಜ ಆರಿಸಿಕೊಡಲು ತಿಮ್ಮಮ್ಮ ಅಟ್ಟದ ಮೇಲಿದ್ದಳು.

"ಆಗ ನೆಲ ನಡುಗ್ತಾ?"

"ಎಂತದೂ ಇಲ್ಲ. ಕೂತ್ರೆ ನಿದ್ದೆ ಬರೋ ಹಾಗಿತ್ತು."

ಸಾಹುಕಾರರಿಗೆ ತಾನಾಗಿ ಹೇಳುವುದಿಲ್ಲ, ಆದರೆ ತಯ್ಯಬನ ತಲೆ ಉಳಿಸಲು ಹೇಳಬೇಕಾಗಿ ಬಂದರೆ ಅವಳು ಕ್ಷಮಿಸಬೇಕು ಎಂದು ಸಾವಿತ್ರಮ್ಮ ಕೇಳಿಕೊಂಡರು. ತಿಮ್ಮಮ್ಮ ಯೋಚಿಸಿ ಆಗಲಿ ಎಂದು ತಲೆ ಆಡಿಸಿದಳು. ಬೆಳಿಗ್ಗೆ ಯಂತ್ರ ಬಿಸಿಯಾಗುವ ಮೊದಲೇ ಅಟ್ಟ ಹತ್ತಿದ್ದೇಕೆ ಎಂದು ಕೊನೆಯಲ್ಲಿ ಕೇಳಿದರು. ಮೊದಲೆಲ್ಲ ಹಲ್ಲರ್ ಸ್ವಲ್ಪ ಹೊತ್ತು ಓಡಿ ಹದಕ್ಕೆ ಬಂದ ಮೇಲೆಯೇ ಹೆಂಗಸರು ಹತ್ತುತ್ತಿದ್ದದ್ದು ಎಂದು ಟೀಚರ್‌ಗೆ ಗೊತ್ತಿತ್ತು.

"ಅದು ಮೊದಲು, ನೆಲ ನಡುಗ್ತಿದ್ದಾಗ," ಅಂದಳು ತಿಮ್ಮಮ್ಮ. "ಈಗ ಕಿವಿ ಇದೆಯಲ್ಲ ಅಂತ ಧೈರ್ಯ. ಕಿಟಕಿ ಹತ್ರದ ಜಾಗ ಬೇಕು ಅಂತ ನಾನೇ ಮುಂಚೆ ಹತ್ತಿಬಿಡ್ತಿದ್ದೆ."

ಆಸ್ಪತ್ರೆಯ ಹೊರಗೆ ಬಂದ ಮೇಲೆ ಸಾವಿತ್ರಮ್ಮ ಒಂದು ಪ್ರಶ್ನೆ ಕೇಳಿದರು. "ಸುಗ್ರಾ, ನಿನ್ನ ಹೊಲಿಗೆ ಮೆಷಿನ್ನಿನ ಚಕ್ರ ಹಿಂದಕ್ಕೆ ತಿರುಗಿದ್ರೆ ಹೊಲಿಗೆ ಬೀಳ್ತದಾ?"

"ಎಲ್ಲಿ ಬೀಳ್ತದೆ. ದಾರ ಸಿಕ್ಕಾಗ್ತದೆ."

"ಹಾಗಾದ್ರೆ ನಿನ್ನ ಸೆರಗಿಗೆ ಸಿಪ್ಪೆ ಹಾರಿದ್ದು ಹೇಗೆ, ಯೋಚನೆ ಮಾಡು," ಎಂದು ಅವರು ಮನೆಗೆ ನಡೆದರು. ಸುಗ್ರಾ ಬೀ ಯೋಚನೆ ಮಾಡಿದಳು. ಮನೆ ತಲುಪುವ ಹೊತ್ತಿಗೆ ಅರ್ಧ ಅರ್ಥವಾಗಿತ್ತು. ಉಳಿದರ್ಧ ಅರ್ಥವಾಗದಿದ್ದರೆ ಒಳ್ಳೆಯದಿತ್ತು ಎನ್ನಿಸಿ ಅವಳು ಅಂದು ಹಿತ್ತಲ ಕಡೆಯ ಬಾಗಿಲು ತೆಗೆಯಲಿಲ್ಲ.

ಭಾನುವಾರ ಹಲ್ಲರ್ ಮನೆಗೆ ರಜೆ. ಸಾವಿತ್ರಮ್ಮ ಹೇಳಿಕಳಿಸಿದ್ದರಿಂದ ಸಿದ್ದಬಸಪ್ಪನವರು, ಸಬ್ ಇನ್ಸ್‌ಪೆಕ್ಟರ್, ಲಿಂಗಪ್ಪ, ರಂಗನಾಥ ಎಲ್ಲರೂ ಬಂದು ಸೇರಿದರು. ತಯ್ಯಬ್ ಬಾಗಿಲ ಹತ್ತಿರವೇ ನಿಂತ. ರಂಗನಾಥ ಅವನ ಹೆಗಲ ಮೇಲೆ ಕೈಹಾಕಿ ಒಳಗೆ ಕರೆತಂದ. ಆ ಕೈ ನೋಡಲಾರದೆ ಸುಗ್ರಾ ಬೀ ಮುಖ ತಿರುಗಿಸಿದಳು.

"ಎಲ್ಲರೂ ಒಂದು ಮಾತು ಒಪ್ಪಿದ್ದೀರಿ," ಎಂದು ಶುರುಮಾಡಿದರು ಸಾವಿತ್ರಮ್ಮ. "ತಯ್ಯಬ್ ಮೇನ್‌ನಲ್ಲಿ ಎರಡು ವೈರು ತಿರುಗಿಸಿದ. ನೆಲ ನಡುಗಿತು. ಇಂಜಿನಿಯರ್ ಅದನ್ನ ಮೊದಲಿನ ಹಾಗೆ ಹಾಕಿದ್ರು. ನಡುಕ ನಿಂತಿತು. ಸರಿ ತಾನೆ?"

ಸರಿ ಎಂದರು ಎಲ್ಲರೂ. ಹಾಗಾದರೆ ಹಲ್ಲರ್ ಓಡಿಸಿ ಎಂದು ಟೀಚರ್ ಹೇಳಿದರು. ಯಂತ್ರ ಓಡಿತು, ಕಾಯಿ ಒಡೆಯಿತು, ಸಿಪ್ಪೆ ಹೊರಗೆ ಹಾರಿತು. ತಯ್ಯಬ್ ವೈರು ತಿರುಗಿಸಿದ್ದೇ ಮೋಟಾರ್ ಉಲ್ಟಾ ತಿರುಗುತ್ತಿದ್ದ ಕಾರಣಕ್ಕೆ ಎಂದು ಸಾವಿತ್ರಮ್ಮ ನೆನಪಿಸಿದರು. ಅದನ್ನು ಮತ್ತೆ ಮೊದಲಿನ ಹಾಗೆ ಹಾಕಿದ್ದರೆ ಈ ಹಲ್ಲರ್ ಆ ಬೆಳಗಿನಿಂದ ಉಲ್ಟಾ ತಿರುಗಬೇಕಿತ್ತು, ಒಂದು ಕಾಯಿಯೂ ಒಡೆಯಬಾರದಿತ್ತು. ಲೈನ್ ಮತ್ತೆ ಬದಲಾಗಿಲ್ಲ ಎಂಬುದಕ್ಕೆ ಹಿಟ್ಟಿನ ಗಿರಣಿಯೇ ಸಾಕ್ಷಿ. ಅಂದಮೇಲೆ ತಯ್ಯಬ್ ಹಾಕಿದ ವೈರು ಹಾಕಿದ ಹಾಗೆಯೇ ಇದೆ. ಅದನ್ನು ಯಾರೂ ಮುಟ್ಟಿಲ್ಲ.

ಸಿದ್ದಬಸಪ್ಪನವರು ಕೊಳವೆಯ ಕಡೆ ನೋಡಿದರು, ಆಮೇಲೆ ರಂಗನಾಥನ ಕಡೆ. ತಯ್ಯಬ್ ಮೊದಲ ಸಲ ತಲೆ ಎತ್ತಿದ.

"ಗಡಿಬಿಡಿಯಲ್ಲಿ ಮರೆತಿರಬಹುದು," ಎಂದ ರಂಗನಾಥ.

"ಇರಬಹುದು. ಅದನ್ನೂ ನೋಡೋಣ." ಸಾವಿತ್ರಮ್ಮ ತಯ್ಯಬನನ್ನು ಕರೆದು, ಆ ಎರಡು ವೈರು ಈಗ ನಿಜವಾಗಿ ಬದಲಿಸು ಎಂದರು. ಅವನು ಕೈ ಹಿಂದಕ್ಕೆಳೆದುಕೊಂಡ. ಸುಗ್ರಾ ಬೀಯೇ ಅವನ ಕೈಗೆ ಸ್ಕ್ರೂಡ್ರೈವರ್ ಕೊಡಬೇಕಾಯಿತು. ಕರೆಂಟು ತೆಗೆದು ಅವನು ವೈರು ಬದಲಿಸಿದ. ಹಲ್ಲರ್ ಉಲ್ಟಾ ತಿರುಗಿ ಒಣ ಕೂಗು ಹಾಕಿತು, ಒಂದು ಕಾಯಿ ಒಡೆಯಲಿಲ್ಲ. ಆದರೆ ಅಟ್ಟದ ಮೇಲೆ ಟೀಚರ್ ಇಟ್ಟಿದ್ದ ಲೋಟದ ನೀರು ತುಳುಕಲೂ ಇಲ್ಲ.

ಮೋಟಾರ್ ಯಾವ ಕಡೆಗೆ ತಿರುಗಿದರೂ ಈ ಅಯಸ್ಕಾಂತಕ್ಕೆ ಲೆಕ್ಕವಿಲ್ಲ ಎಂದು ಅವರು ವಿವರಿಸಿದರು. ಅದು ಕೇಳುವುದು ಮೋಟಾರಿನ ಮಾತನ್ನಲ್ಲ, ನೆಲದ ಮಾತನ್ನು, ಅದೂ ಕಿವಿಯ ಎರಡು ವೈರುಗಳ ಮೂಲಕ. ಅವೆರಡು ಅದಲುಬದಲಾದರೆ ಮಾತ್ರ ಅದು ತೊಟ್ಟಿಲನ್ನು ಹಿಡಿಯುವ ಬದಲು ತೂಗಿಬಿಡುತ್ತದೆ. ತಯ್ಯಬ್ ಹೋದ ಮೇಲೂ ಆ ಸಂಜೆ ಇಲ್ಲಿ ಯಂತ್ರ ಓಡಿದೆ, ನೆಲ ಗಟ್ಟಿಯಾಗಿತ್ತು, ಅದನ್ನು ಕಂಡವರಿದ್ದಾರೆ. ಲಿಂಗಪ್ಪನವರೇ, ನಿಮ್ಮ ಅತ್ತೆಯವರ ಕಾಫಿ ಚೆನ್ನಾಗಿ ಬಂತೇ ಎಂದು ಅವರು ಕೇಳಿದಾಗ ಲಿಂಗಪ್ಪ ನೆಲ ಸೀಳಿ ಒಳಗೆ ಹೋಗುವವನಂತಿದ್ದ. ಹೌದು ಎಂದು ಒಪ್ಪಿಕೊಂಡ. ಸಾಹುಕಾರರು ಕಣ್ಣಲ್ಲೇ ಅವನ ಲೆಕ್ಕ ಮುಗಿಸಿದರು.

ಕಿವಿಯ ವೈರು ಬದಲಾದದ್ದು ಹಾಗಾದರೆ ರಾತ್ರಿ ಬೆಳಗಾಗುವುದರೊಳಗೆ ಎಂದು ಟೀಚರ್ ಮುಂದುವರಿಸಿದರು. ಬೆಳಿಗ್ಗೆ ಅದನ್ನು ಯಾರೋ ಸರಿಮಾಡಿದರು, ಇಲ್ಲದಿದ್ದರೆ ನಡುಕ ನಿಲ್ಲುತ್ತಿರಲಿಲ್ಲ. ಬೇರೆಯವರು ಕಿಡಿಗೇಡಿತನ ಮಾಡಿದ್ದರೆ ಸರಿಮಾಡಿದವನು ಆಗಲೇ ಎಲ್ಲರೆದುರು ಕೂಗಿ ಹೇಳುತ್ತಿದ್ದ. ಹೇಳಲಿಲ್ಲ. ಕಿವಿಯ ಬೀಗದ ಕೈ ತನ್ನೊಬ್ಬನಲ್ಲೇ ಇದ್ದದ್ದರಿಂದ ಆ ಮಾತು ಎತ್ತುವಂತಿರಲಿಲ್ಲ. ಅದಕ್ಕೇ ಊರಿಗೆಲ್ಲ ಗೊತ್ತಿರುವ ಮೇನ್ ಸ್ವಿಚ್ಚಿನ ಕತೆ ಕಟ್ಟಿದ.

"ರಂಗನಾಥ, ಕಿವಿಯ ಬೀಗದ ಕೈ ಕೊಡಿ," ಅಂದರು ಸಾವಿತ್ರಮ್ಮ. "ಆ ವೈರು ಬದಲಿಸಿ ಆ ಬೆಳಗು ಹೇಗಿತ್ತು ಅಂತ ಎಲ್ಲರಿಗೂ ತೋರಿಸ್ತೀನಿ. ಬೇಡ ಅಂದ್ರೆ ನೀವೇ ಹೇಳಿ."

ರಂಗನಾಥನ ಕೈ ಜೇಬಿನವರೆಗೆ ಹೋಗಿ ಅಲ್ಲೇ ನಿಂತಿತು. ಅವನು ತಯ್ಯಬನನ್ನು ನೋಡಲಿಲ್ಲ. ಕೊಯಮತ್ತೂರಿನ ಒಂದು ಕಾರ್ಖಾನೆಯವರು ಯಂತ್ರದ ಸಮೇತ ತನ್ನನ್ನು ಕರೆದಿದ್ದಾರೆ, ತನ್ನೊಬ್ಬನನ್ನು ಮಾತ್ರ ಎಂದು ತಗ್ಗಿದ ದನಿಯಲ್ಲಿ ಹೇಳಿದ. ಜೊತೆಗೆ ಕಾರ್ಖಾನೆ ಮಾಡೋಣ ಎಂದು ತಯ್ಯಬನಿಗೆ ಮಾತು ಕೊಟ್ಟಾಗಿತ್ತು. ಬಿಟ್ಟುಹೋಗಲು ಒಂದು ಕಾರಣ ಬೇಕಿತ್ತು. ತಪ್ಪು ತಯ್ಯಬನದಾದರೆ ತಾನು ತಲೆ ಎತ್ತಿಕೊಂಡು ಹೊರಡಬಹುದಿತ್ತು. ನೆಲ ಒಂದು ಗಳಿಗೆ ನಡುಗಲಿ, ತಕ್ಷಣ ಆರಿಸಿದರಾಯಿತು ಎಂದುಕೊಂಡಿದ್ದ. ಅಷ್ಟು ಬೇಗ ಅಟ್ಟದ ಮೇಲೆ ಯಾರೂ ಇರುವುದಿಲ್ಲ ಎಂದು ನಂಬಿದ್ದ.

"ಯಾಕೆ ಇದ್ರು ಗೊತ್ತಾ?" ಅಂದರು ಸಾವಿತ್ರಮ್ಮ. "ನಿಮ್ಮ ಯಂತ್ರದ ಮೇಲಿನ ಧೈರ್ಯಕ್ಕೆ."

ತಯ್ಯಬ್ ಸ್ಕ್ರೂಡ್ರೈವರ್ ಮೇಜಿನ ಮೇಲಿಟ್ಟು ಹೊರಗೆ ಹೋಗಿ, ಸಿಪ್ಪೆಯ ರಾಶಿಯ ಪಕ್ಕ ಕೂತುಬಿಟ್ಟ.

ಮಾತಾಡಿದವಳು ಸುಗ್ರಾ ಬೀ. ಬೈಯಬೇಕೆಂದು ಬಂದವಳಿಗೆ ಬೈಗುಳ ಒಂದೂ ನೆನಪಾಗಲಿಲ್ಲ. "ಹೊರಡ್ತೀನಿ ಅಂತ ಒಂದು ಮಾತು ಹೇಳಿದ್ರೆ ನಾವೆಂತ ಅಡ್ಡ ಬರ್ತಿದ್ವಾ ರಂಗನಾಥ? ದಾರಿಗೆ ರೊಟ್ಟಿ ಕಟ್ಟಿ ಕಳಿಸ್ತಿದ್ದೆ."

"ಅದಕ್ಕೇ ಹೇಳೋಕಾಗ್ಲಿಲ್ಲ, ಸುಗ್ರಾಕ್ಕ."

"ಅಕ್ಕ ಅನ್ಬೇಡ," ಅಂದಳು ಅವಳು.

ಸಬ್ ಇನ್ಸ್‌ಪೆಕ್ಟರ್ ಅವನನ್ನು ಜೀಪಿಗೆ ಹತ್ತಿಸಿಕೊಂಡು ಹೋದರು. ಹಿತ್ತಲ ಕೋಣೆಯ ಸಾಮಾನನ್ನು ಅವನ ಮನೆಯವರು ಬಂದು ಒಯ್ದರು. ಸಿದ್ದಬಸಪ್ಪನವರು ಮೂಡಿಗೆರೆಗೆ ಬಂದು, ತಪ್ಪಾಯಿತು ಎಂದು ತಯ್ಯಬನಿಗೆ ನೇರವಾಗಿ ಹೇಳಿ ಹೋದರು. ಮಳೆಗಾಲ ಹಿಡಿಯುವ ಹೊತ್ತಿಗೆ ತಿಮ್ಮಮ್ಮ ಕೋಲು ಹಿಡಿದು ನಡೆಯತೊಡಗಿದಳು, ಗ್ಯಾರೇಜಿನ ಮುಂದೆ ಮತ್ತೆ ಜೀಪುಗಳು ನಿಂತವು.

ಆದರೆ ತಯ್ಯಬ್ ಬದಲಾಗಿದ್ದ. ಮೊದಲೆಲ್ಲ ಕೆಲಸ ಮುಗಿಸಿ, ಕೈ ಒರೆಸಿಕೊಂಡು, ಜೀಪಿನ ಬೀಗದ ಕೈ ಗಿರಾಕಿಗೆ ಎಸೆದು ಒಳಗೆ ಹೋಗಿಬಿಡುತ್ತಿದ್ದವನು, ಈಗ ಒಂದು ನಟ್ ಬಿಗಿದರೂ ಗಿರಾಕಿಯನ್ನು ನಿಲ್ಲಿಸಿಕೊಳ್ಳುತ್ತಿದ್ದ. ನೋಡ್ಕೊಳ್ಳಿ, ನನ್ನೆದುರಿಗೇ ಓಡಿಸಿ ನೋಡಿ, ಸರಿಯಿದೆ ಅಂತ ಬಾಯಿಬಿಟ್ಟು ಹೇಳಿ ಎನ್ನುತ್ತಿದ್ದ. ದಾರಿಯಲ್ಲಿ ಹೋಗುವವರನ್ನೂ ಸಾಕ್ಷಿಗೆ ಕರೆಯುತ್ತಿದ್ದ. ಸುಗ್ರಾ ಬೀ ಕಿಟಕಿಯಿಂದ ಅದನ್ನು ನೋಡಿ ನೋಡಿ ಸಂಕಟಪಟ್ಟಳು.

"ಎಲ್ಲ ಕಂಡುಹಿಡಿದ್ರಿ ಟೀಚರ್," ಅಂದಳು ಒಂದು ದಿನ. "ಇದಕ್ಕೆ ಎಂತ ಮಾಡೋದು?"

ಸಾವಿತ್ರಮ್ಮ ಒಳಗೆ ಹೋಗಿ, ಕೆಟ್ಟುಹೋದ ತಮ್ಮ ಟೇಬಲ್ ಫ್ಯಾನ್ ಎತ್ತಿಕೊಂಡು ಗ್ಯಾರೇಜಿಗೆ ನಡೆದರು. ಸಂಜೆ ಫ್ಯಾನ್ ಒಯ್ಯಲು ಹೋದಾಗ ತಯ್ಯಬ್ ಪ್ಲಗ್ ಕೈಯಲ್ಲಿ ಹಿಡಿದು, "ನಿಂತ್ಕೊಳ್ಳಿ ಟೀಚರ್, ತಿರುಗಿಸಿ ತೋರಿಸ್ತೀನಿ," ಅಂದ.

"ನಾನೆಂತ ನೋಡೋದು ಮಾರಾಯ," ಅಂದರು ಸಾವಿತ್ರಮ್ಮ. "ನೀನು ಮಾಡಿದ್ದಲ್ವಾ?"

ಫ್ಯಾನನ್ನು ಅವನ ಕೈಯಿಂದ ತೆಗೆದುಕೊಂಡು, ಹಿಂದೆ ತಿರುಗಿ ನೋಡದೆ ಅವರು ಮನೆ ಕಡೆ ಹೊರಟರು. ತಯ್ಯಬ್ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಹಳೆಯ ಬಟ್ಟೆ ತೆಗೆದುಕೊಂಡು, ಮೊದಲಿನ ಹಾಗೆ ಕೈ ಒರೆಸಿಕೊಂಡು ಒಳಗೆ ಹೋದ.